ಸಾಕು ಎನ್ನದ ಮನೆ

“ಬುದ್ಧಿ, ಪ್ರೀತಿಯಿಂದ ತಂದುಕೊಟ್ಟದ್ದನ್ನ ಬೇಡ ಅನ್ನೋದು ಹೆಂಗೆ?”

ಪಂಚಾಕ್ಷರಿ ಹೀಗೆ ಕೇಳಿದಾಗ ಅವನ ಕೈಯಲ್ಲಿ ಪಾಯಸದ ಬಟ್ಟಲಿತ್ತು. ಗುರುಗಳು ಎಲೆಯ ಮುಂದೆ ಕುಳಿತಿದ್ದರು. ಪಾಯಸ ತಂದ ಮುದುಕಿ ಪಕ್ಕದ ಊರಿನವಳು. ಗುರುಗಳು ಉಂಡರು ಎಂಬ ಮಾತು ಕೇಳಿಯೇ ಹೋಗುತ್ತೇನೆಂದು ಮಠದ ಜಗಲಿಯ ಮೇಲೆ ಕೂತಿದ್ದಳು.

ಹಿಂದಿನ ದಿನ ವೈದ್ಯರು ಬಂದು ಗುರುಗಳ ಕಾಲು ನೋಡಿ ಹೋಗಿದ್ದರು. ಹೆಬ್ಬೆರಳ ಕೆಳಗೆ ಒಂದು ಹುಣ್ಣು. ಎಂದಿನಿಂದ ಇದೆ ಎಂದು ಕೇಳಿದರೆ ಗುರುಗಳಿಗೇ ಗೊತ್ತಿರಲಿಲ್ಲ. ವೈದ್ಯರು ಪಂಚಾಕ್ಷರಿಯನ್ನು ಹೊರಗೆ ಕರೆದು, “ಇವರ ಎಲೆ ನಿನ್ನ ಕೈಲಿದೆ, ಮೊದಲು ಸಿಹಿ ನಿಲ್ಲಿಸು” ಎಂದಿದ್ದರು. ಕೂಸಾಗಿದ್ದಾಗ ಯಾರೋ ಮಠದ ಬಾಗಿಲಲ್ಲಿ ಬಿಟ್ಟುಹೋದವನು ಪಂಚಾಕ್ಷರಿ. ಗುರುಗಳೇ ಹಾಲು ಕುಡಿಸಿ ಬೆಳೆಸಿದರು. ಈಗ ಅವನ ತಲೆಯಲ್ಲೂ ನರೆಗೂದಲು ಬಂದಿದೆ. ಆದರೂ ಗುರುಗಳ ಎದುರು ದನಿ ಏಳುವುದಿಲ್ಲ. ತನಗೆ ಉಣ್ಣಿಸಿದವರ ಎಲೆಯ ಮುಂದೆ ನಿಂತು ಬೇಡ ಎನ್ನಲು ಅವನ ಮನಸ್ಸು ಒಪ್ಪುತ್ತಿರಲಿಲ್ಲ.

“ಬೇಡ ಅಂದರೆ ಆ ಮುದುಕಿ ನೊಂದುಕೊಳ್ತಾಳೆ ಅಂತ ಭಯವೋ, ನಾನು ನೊಂದುಕೊಳ್ತೀನಿ ಅಂತ ಭಯವೋ?” ಎಂದು ಗುರುಗಳು ಕೇಳಿದರು.

ಪಂಚಾಕ್ಷರಿ ಬಟ್ಟಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

“ಸರಿ, ಬಟ್ಟಲು ಕೆಳಗಿಡು. ಅಷ್ಟು ಗಟ್ಟಿಯಾಗಿ ಹಿಡಿದರೆ ಬಟ್ಟಲೇ ನೊಂದುಕೊಂಡೀತು. ಒಂದು ಕತೆ ಹೇಳ್ತೀನಿ, ಕೂತು ಕೇಳು” ಎಂದು ಅವರು ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಧಾನ್ಯದ ವ್ಯಾಪಾರಿ ಇದ್ದ. ಉಂಡುಟ್ಟು ಸುಖವಾಗಿದ್ದ ಮನೆ. ಮಕ್ಕಳಾಗುವ ಮೊದಲೇ ಹೆಂಡತಿ ತೀರಿಕೊಂಡಿದ್ದಳು. ವಿಧವೆಯಾದ ಅಕ್ಕ ಬಂದು ಮನೆ ನೋಡಿಕೊಳ್ಳುತ್ತಿದ್ದಳು. ಅವನ ಗಾಡಿ ಹೊಡೆಯುವವನು ಜ್ವರದಲ್ಲಿ ಸತ್ತಾಗ, ಅವನ ತಾಯಿಯಿಲ್ಲದ ಹೆಣ್ಣುಮಗುವನ್ನು ವ್ಯಾಪಾರಿ ಎತ್ತಿಕೊಂಡು ಬಂದ. ಆ ಮಗು ಅದೇ ಮನೆಯಲ್ಲಿ ಬೆಳೆದು ದೊಡ್ಡದಾಯಿತು.

ನಮ್ಮ ಜನ ಕೆಲವು ಮಾತು ಆಡುವುದಿಲ್ಲ, ನಿನಗೇ ಗೊತ್ತು. ಅಕ್ಕಿ ಮುಗಿದರೆ ತುಂಬಿದೆ ಎನ್ನುತ್ತೇವೆ. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತೇವೆ. ಹೊರಟು ನಿಂತವನು ಬರುತ್ತೇನೆ ಎನ್ನುತ್ತಾನೆ. ಆ ಮನೆಯವರು ಇವುಗಳ ಜೊತೆಗೆ ಇನ್ನೊಂದು ಮಾತನ್ನೂ ಹೊರಗಿಟ್ಟಿದ್ದರು. ಸಾಕು ಎಂಬ ಮಾತು. ಎಲೆಯ ಮುಂದೆ ಕೂತು ಸಾಕು ಎಂದರೆ ಅನ್ನಪೂರ್ಣೆ ಎದ್ದು ಹೋಗುತ್ತಾಳೆ ಎಂದು ಅವರ ಅಜ್ಜಿ ಹೇಳಿದ್ದಳಂತೆ. ಹೊಟ್ಟೆ ತುಂಬಿದವರು ಸುಮ್ಮನೆ ಎರಡೂ ಕೈಯಿಂದ ಎಲೆ ಮುಚ್ಚಬೇಕು. ಬಡಿಸುವವರು ಬೆರಳ ಸಂದಿಯಲ್ಲೇ ತುಪ್ಪ ಸುರಿಯಬೇಕು. ಉಣ್ಣುವವನು ನಗಬೇಕು. ಇದಕ್ಕೆ ಅವರು ಮರ್ಯಾದೆ ಎಂದು ಹೆಸರಿಟ್ಟಿದ್ದರು.

ಈ ಕಟ್ಟಳೆಯಿಂದ ಆ ಹುಡುಗಿಗೆ ಒಂದು ಲಾಭವಾಗಿತ್ತು. ಪೇಟೆಯ ಜನ ಅವಳನ್ನು ಸಾಕುಮಗಳು ಎನ್ನುತ್ತಿದ್ದರು. ಮನೆಯೊಳಗೆ ಆ ಮಾತು ಬರುವಂತಿರಲಿಲ್ಲ. ಹೀಗಾಗಿ ಹೊಸ್ತಿಲು ದಾಟಿ ಒಳಗೆ ಬಂದರೆ ಅವಳು ಬರೀ ಮಗಳು. ಅವಳಿಗೆ ಇದು ಗೊತ್ತಿತ್ತು. ಬೇರೆ ಯಾವ ಕಟ್ಟಳೆ ಮರೆತರೂ ಇದನ್ನು ಮಾತ್ರ ಅವಳು ಜೀವದಂತೆ ಕಾಪಾಡಿಕೊಂಡು ಬಂದಿದ್ದಳು.

ವ್ಯಾಪಾರಿಗೆ ಐವತ್ತು ದಾಟಿದ ಮೇಲೆ ಬಾಯಾರಿಕೆ ಶುರುವಾಯಿತು. ಎಷ್ಟು ನೀರು ಕುಡಿದರೂ ಸಾಲದು. ಮೈ ಇಳಿಯಿತು, ಅಂಗಿ ಜೋಲಾಯಿತು. ಅಕ್ಕ ಹೆದರಿದಳು. ತಮ್ಮ ಸೊರಗುತ್ತಿದ್ದಾನೆ, ಊಟ ಸಾಲುತ್ತಿಲ್ಲ ಎಂದುಕೊಂಡಳು. ಒಂದು ಕಜ್ಜಾಯ ಹಾಕುವಲ್ಲಿ ಇನ್ನೊಂದನ್ನೂ ಸೇರಿಸಿದಳು. ಅನ್ನದ ಮೇಲೆ ತುಪ್ಪ, ತುಪ್ಪದ ಮೇಲೆ ಬೆಲ್ಲ. ಅವನು ಮತ್ತೂ ಸೊರಗಿದ. ಅವಳು ಮತ್ತೂ ಬಡಿಸಿದಳು. ಪಾಪ, ಅವಳನ್ನು ಬಯ್ಯಬೇಡ. ತಮ್ಮನ ಮೇಲೆ ಪ್ರಾಣವನ್ನೇ ಇಟ್ಟಿದ್ದಳು, ಆ ಪ್ರಾಣಕ್ಕೆ ಸೌಟಿನ ಭಾಷೆ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹುಡುಗಿ ಹಿತ್ತಲು ಗುಡಿಸುತ್ತಿದ್ದಳು. ವ್ಯಾಪಾರಿ ಮೂತ್ರಕ್ಕೆ ಕೂರುವ ಜಾಗದಲ್ಲಿ ಇರುವೆ ಮುತ್ತಿದ್ದು ಕಂಡಿತು. ನೀರು ಹೊಡೆದಳು. ಮರುದಿನವೂ ಮುತ್ತಿದ್ದವು. ಮೂತ್ರಕ್ಕೆ ಸಿಹಿ ಬಂದಿದೆ ಎಂದು ಅವಳಿಗೆ ಹೊಳೆಯಿತು. ವ್ಯಾಪಾರಿಯ ತಂದೆಯೂ ಹೀಗೇ ಸೊರಗಿ, ಕಾಲು ಕಪ್ಪಾಗಿ, ಮಂಚ ಹಿಡಿದು ಸತ್ತಿದ್ದ ಕತೆಯನ್ನು ಅವಳು ಕೇಳಿದ್ದಳು. ಯಾರಿಗೂ ಹೇಳದೆ ಹೋಗಿ ವೈದ್ಯನನ್ನು ಕರೆತಂದಳು.

ವೈದ್ಯ ನಾಡಿ ಹಿಡಿದ, ಕಣ್ಣು ನೋಡಿದ, ಅಂಗಾಲು ಚುಚ್ಚಿದ. ವ್ಯಾಪಾರಿಗೆ ಚುಚ್ಚಿದ್ದು ತಿಳಿಯಲಿಲ್ಲ.

“ಇದು ಉಪವಾಸದಿಂದ ಬಂದ ಸೊರಗಲ್ಲ ತಾಯಿ, ಊಟದಿಂದ ಬಂದದ್ದು” ಎಂದು ವೈದ್ಯ ಅಕ್ಕನಿಗೆ ಹೇಳಿದ. “ಉಂಡದ್ದು ಮೈಗೆ ಹತ್ತುತಾ ಇಲ್ಲ. ಬೆಲ್ಲ ನಿಲ್ಲಿಸಿ. ಅನ್ನ ಅರ್ಧ ಮಾಡಿ. ಸೊಪ್ಪು, ಹುರುಳಿ, ಮಜ್ಜಿಗೆ ಕೊಡಿ. ಹೊತ್ತು ಮುಳುಗೋ ಮೊದಲೇ ಉಣ್ಣಲಿ, ಕೆರೆ ತನಕ ನಡೆದು ಬರಲಿ. ಇಲ್ಲದಿದ್ದರೆ ಮೊದಲು ಕಾಲು ಹೋಗುತ್ತೆ, ಆಮೇಲೆ ಕಣ್ಣು. ಈ ಮನೇಲಿ ಯಾರಾದರೂ ಒಬ್ಬರು ಅವರ ಎಲೆ ಮುಂದೆ ನಿಂತು ಸಾಕು ಅನ್ನಬೇಕು.”

“ಬಿಡ್ತು ಅನ್ನಿ!” ಎಂದು ಅಕ್ಕ ಕಿವಿ ಮುಚ್ಚಿಕೊಂಡಳು. ವೈದ್ಯ ಎದ್ದು ಹೋದ ಮೇಲೆ ಅವನು ಕೂತಿದ್ದ ಜಾಗಕ್ಕೆ ಸೆಗಣಿ ಹಾಕಿ ಸಾರಿಸಿದಳು. ರೋಗದ ಮಾತು ಅವಳ ಕಿವಿಗೆ ಹೋಗಲೇ ಇಲ್ಲ. ಅವಳು ಕೇಳಿಸಿಕೊಂಡದ್ದು ಅಪಶಕುನದ ಆ ಒಂದು ಮಾತನ್ನು ಮಾತ್ರ.

ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆದರೆ ಮಾಡುವುದೇನು? ಹೆತ್ತ ಮಗಳಾಗಿದ್ದರೆ ಅಪ್ಪನ ಕೈ ಹಿಡಿದು ಗದರುತ್ತಿದ್ದಳು. ತಾನು ಗದರಿದರೆ ಜನ ಏನೆಂದಾರು? ಸಾಕಿದವನಿಗೆ ಅನ್ನ ಕಡಿಮೆ ಮಾಡಿದಳು ಎಂದಾರು. ಸಾಕು ಎಂಬ ಮಾತು ಈ ಮನೆಯೊಳಗೆ ಒಮ್ಮೆ ಬಂತೋ, ಅದರ ಹಿಂದೆಯೇ ಸಾಕುಮಗಳು ಎಂಬ ಹೆಸರೂ ಒಳಗೆ ಬರುತ್ತದೆ. ಅವಳು ಮಾತಾಡದೆ ಉಪಾಯ ಹುಡುಕಿದಳು. ಚಿಕ್ಕ ಸೌಟು ತೆಗೆದಳು. ಅನ್ನಕ್ಕೆ ಮೊದಲು ಸೊಪ್ಪಿನ ಪಲ್ಯ ತುಂಬ ಬಡಿಸಿದಳು. ಬೆಲ್ಲದ ಗಡಿಗೆಯನ್ನು ಅಟ್ಟದ ಮೇಲೆ, ಹಳೇ ಚಾಪೆಗಳ ಹಿಂದೆ ಬಚ್ಚಿಟ್ಟಳು. ಕೆಲವು ದಿನ ನಡೆಯಿತು. ಆಮೇಲೆ ಅಟ್ಟದಿಂದ ಇಳಿದ ಇರುವೆಯ ಸಾಲು ಅಕ್ಕನಿಗೆ ಗಡಿಗೆಯ ದಾರಿ ತೋರಿಸಿತು. ಅದೇ ಇರುವೆ, ನೋಡು. ಹಿತ್ತಲಲ್ಲಿ ಕಂಡಿದ್ದರೂ ಅಕ್ಕ ಅದನ್ನು ನಂಬುತ್ತಿರಲಿಲ್ಲ, ಅಟ್ಟದಲ್ಲಿ ಕಂಡಾಗ ನಂಬಿದಳು.

“ಬೇರೆಯವರ ರಕ್ತ ಬೇರೆಯದೇ ಕಣೇ” ಎಂದಳು ಅಕ್ಕ. “ನಮ್ಮ ಹೊಟ್ಟೇಲಿ ಹುಟ್ಟಿದೋಳಾಗಿದ್ದರೆ ಅವನ ಬಾಯಿಂದ ಬೆಲ್ಲ ಕಿತ್ಕೊಳ್ತಿದ್ದೆಯಾ?”

ಹುಡುಗಿ ಗಡಿಗೆಯನ್ನು ತಂದು ಅಡಿಗೆಮನೆಯಲ್ಲಿ ಇಟ್ಟಳು. ಅಂದಿನಿಂದ ಹೇಳಿದಷ್ಟು ಬಡಿಸಿದಳು. ಬಡಿಸುವಾಗ ಅವಳ ಕಣ್ಣು ಎಲೆಯ ಮೇಲೆ ಇರುತ್ತಿರಲಿಲ್ಲ, ಅವನ ಕಾಲಿನ ಮೇಲೆ ಇರುತ್ತಿತ್ತು. ಬಟ್ಟೆ ಒಗೆಯುವಾಗ ಪಂಚೆಯ ಅಂಚಿನಲ್ಲಿ ರಸಿಗೆಯ ಕಲೆ ಹುಡುಕುತ್ತಿದ್ದಳು. ಅವನು ಮೆಟ್ಟಿಲಲ್ಲಿ ಎಡವಿದರೆ ಇವಳ ಕೈಯ ಪಾತ್ರೆ ಜಾರುತ್ತಿತ್ತು. ಮನೆಯಲ್ಲಿ ಎಲ್ಲರೂ ನಗುತ್ತಿದ್ದರು, ಉಣ್ಣುತ್ತಿದ್ದರು. ಅವಳೊಬ್ಬಳಿಗೆ ಮಾತ್ರ ಆ ಮನೆಯ ಪ್ರತಿ ಊಟವೂ ಭಯವಾಗಿತ್ತು.

ವ್ಯಾಪಾರಿಗೆ ಅರವತ್ತು ತುಂಬಿತು. ಅಕ್ಕ ಶಾಂತಿ ಮಾಡಿಸಿದಳು. ನೆಂಟರೆಲ್ಲ ಬಂದು ಪಂಕ್ತಿಯಲ್ಲಿ ಕೂತರು. ಮೇಲಿನ ಎಲೆಗೆ ವ್ಯಾಪಾರಿ ಕೂತ. ಒಬ್ಬಟ್ಟು ಬಂತು, ಚಿರೋಟಿ ಬಂತು, ಪಾಯಸ ಬಂತು. ಅಕ್ಕ ಧೂಪದ ತಟ್ಟೆ ಹಿಡಿದು ಪಂಕ್ತಿಯ ಮುಂದೆ ಹೋದಳು. ತಮ್ಮನ ಎದುರು ತಟ್ಟೆ ಎತ್ತಿ ಬೆಳಗಿದಾಗ ಒಂದು ಕೆಂಡ ಜಾರಿ ಅವನ ಪಾದದ ಮೇಲೆ ಬಿತ್ತು. ಅವಳು ಅದನ್ನು ನೋಡಲಿಲ್ಲ, ಮುಂದಿನ ಎಲೆಗೆ ಹೋದಳು.

ಹುಡುಗಿ ಪಾಯಸದ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. ಅವಳ ಕಣ್ಣಿಗೆ ಅದು ಬಿತ್ತು. ಕೆಂಡ ಚರ್ಮದ ಮೇಲೆ ಕೂತಿತ್ತು. ಸಣ್ಣಗೆ ಹೊಗೆ ಏಳುತ್ತಿತ್ತು. ವ್ಯಾಪಾರಿ ಕಾಲು ಅಲ್ಲಾಡಿಸಲಿಲ್ಲ. ಎರಡೂ ಕೈ ಎಲೆಯ ಮೇಲಿಟ್ಟು, ಇನ್ನು ಸೇರುವುದಿಲ್ಲ ಎಂಬಂತೆ ಕತ್ತು ಆಡಿಸುತ್ತ, ಎಲ್ಲರ ಜೊತೆ ನಗುತ್ತಿದ್ದ.

“ಯಾಕೆ ನಿಂತ್ಕೊಂಡೆ? ಹಾಕೇ, ಬೆರಳ ಸಂದೀಲಿ ಹಾಕು!” ಎಂದು ಅಕ್ಕ ಆ ಕಡೆಯಿಂದ ಕೂಗಿದಳು.

ಹುಡುಗಿ ಪಾತ್ರೆಯನ್ನು ನೆಲದ ಮೇಲಿಟ್ಟಳು. ಬರಿಗೈಯಲ್ಲಿ ಕೆಂಡ ತೆಗೆದು ಎಸೆದಳು. ಅವಳ ಬೆರಳು ಸುಟ್ಟಿತು, ಬಾಯಿಂದ ಚೀರು ಹೊರಟಿತು. ಆ ಚೀರನ್ನು ಕೇಳಿಯೇ ವ್ಯಾಪಾರಿ ತನ್ನ ಕಾಲು ನೋಡಿಕೊಂಡದ್ದು. ಅವಳು ಅವನ ಎರಡು ಕೈಗಳ ಮೇಲೆ ತನ್ನ ಎರಡು ಕೈ ಇಟ್ಟಳು. ಎಲೆ ಪೂರ್ತಿ ಮುಚ್ಚಿತು. ಒಂದು ಬೆರಳ ಸಂದಿಯೂ ಉಳಿಯಲಿಲ್ಲ.

“ಅಪ್ಪಾ, ಸಾಕು” ಎಂದಳು.

ಪಂಕ್ತಿಯಲ್ಲಿ ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ಅಕ್ಕನ ಮುಖ ಕಪ್ಪಿಟ್ಟಿತು. “ಕೊನೆಗೂ ಅಂದ್ಯಲ್ಲ. ಸಾಕುಮಗಳು ಅನ್ನೋದನ್ನ ತೋರಿಸಿಬಿಟ್ಟೆಯಲ್ಲ” ಎಂದಳು.

ಹುಡುಗಿ ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದಳೋ ಅದು ಎಲ್ಲರೆದುರು ಬಂದಿತ್ತು. ಅವಳು ಅತ್ತಳು. ಆದರೆ ಕೈ ಮಾತ್ರ ತೆಗೆಯಲಿಲ್ಲ.

ವ್ಯಾಪಾರಿ ತನ್ನ ಕಾಲು ನೋಡಿದ. ಸುಟ್ಟ ಗಾಯ ಇತ್ತು, ನೋವಿರಲಿಲ್ಲ. ಅವಳ ಬೆರಳು ನೋಡಿದ. ಅಲ್ಲಿ ಗುಳ್ಳೆ ಏಳುತ್ತಿತ್ತು. ತನ್ನ ಕಾಲು ಸುಟ್ಟ ನೋವನ್ನು ಅವಳು ಪಡುತ್ತಿದ್ದಾಳೆ ಎಂದು ಅವನಿಗೆ ಆಗ ಅರ್ಥವಾಯಿತು. ಅವಳ ಕೈಗಳನ್ನು ಮೆಲ್ಲಗೆ ಸರಿಸಿದ. ಆಮೇಲೆ ಅರ್ಧ ಉಂಡ ಎಲೆಯನ್ನು ತನ್ನ ಕಡೆಗೆ ಮಡಚಿದ.

“ಅಕ್ಕಾ, ಬೇಜಾರು ಮಾಡ್ಕೋಬೇಡ. ನಾಳೆಯಿಂದ ನನ್ನ ಎಲೆಗೆ ಇವಳೇ ಬಡಿಸಲಿ” ಎಂದ.

ಅಕ್ಕ ತುಂಬ ದಿನ ಮಾತು ಬಿಟ್ಟಿದ್ದಳು. ಹುಡುಗಿ ವೈದ್ಯ ಹೇಳಿದಂತೆ ಬಡಿಸಿದಳು. ವ್ಯಾಪಾರಿ ಹುರುಳಿಸಾರಿಗೆ ಮುಖ ಸಿಂಡರಿಸಿಕೊಂಡು, ಬೆಲ್ಲಕ್ಕೆ ಆಸೆಪಟ್ಟು, ಕೆಲವು ಸಲ ಮಕ್ಕಳ ಹಾಗೆ ಜಗಳ ಕಾದು, ಆದರೂ ಉಂಡ. ಹೊತ್ತು ಮುಳುಗುವ ಮುಂಚೆ ಉಂಡು ಕೆರೆಯವರೆಗೆ ಕುಂಟುತ್ತ ನಡೆದ. ಕಾಲಿನ ಒಂದು ಬೆರಳು ಹೋಯಿತು. ಕಾಲು ಉಳಿಯಿತು. ಕಣ್ಣೂ ಉಳಿಯಿತು. ಅನ್ನಪೂರ್ಣೆಯೂ ಆ ಮನೆ ಬಿಟ್ಟು ಹೋಗಲಿಲ್ಲ. ಬಹುಶಃ ಅವಳಿಗೂ ಆ ಮನೆಯಲ್ಲಿ ಬಡಿಸಿ ಬಡಿಸಿ ಕೈ ಸೋತುಹೋಗಿತ್ತೇನೋ.

ಆಮೇಲೆ ಪೇಟೆಯಲ್ಲಿ ಯಾರಾದರೂ ಅವಳನ್ನು ತೋರಿಸಿ, ಇವಳು ನಿಮ್ಮ ಸಾಕುಮಗಳಲ್ಲವೇ ಎಂದು ಕೇಳಿದರೆ, ವ್ಯಾಪಾರಿ ತಿದ್ದುತ್ತಿರಲಿಲ್ಲ. “ಹೌದು, ನನಗೆ ಸಾಕು ಅಂದ ಮಗಳು” ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಜಗಲಿಯಲ್ಲಿ ಮುದುಕಿ ಕೆಮ್ಮಿದ್ದು ಕೇಳಿಸಿತು. ಪಂಚಾಕ್ಷರಿ ತಲೆ ತಗ್ಗಿಸಿ ಗುರುಗಳ ಕಾಲಿಗೆ ಕಟ್ಟಿದ ಬಟ್ಟೆಯನ್ನೇ ನೋಡುತ್ತಿದ್ದ. ಬೆಳಿಗ್ಗೆ ಬಿಳಿಯದಾಗಿತ್ತು. ಈಗ ಅದರ ಮೇಲೆ ಒಂದು ಹಳದಿ ಕಲೆ ಮೂಡಿತ್ತು.

“ಬುದ್ಧಿ, ನೀವೇ ಬೇಡ ಅಂದುಬಿಡಬಹುದಲ್ಲ?” ಎಂದು ಮೆಲ್ಲನೆ ಕೇಳಿದ.

“ಅನ್ನಬಹುದು. ಆದರೆ ಈ ನಾಲಿಗೆ ಆ ಮುದುಕಿಯ ಪಕ್ಷ ಕಣಪ್ಪ. ಎಪ್ಪತ್ತು ವರ್ಷದಿಂದ ಪಾಯಸದ ಪಕ್ಷ. ಅದನ್ನ ನಂಬಬೇಡ” ಎಂದು ಗುರುಗಳು ನಕ್ಕರು.

ನಗು ಮುಗಿದ ಮೇಲೆ ಅವರು ಕೈ ಚಾಚಿ ಪಾಯಸದ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಏಲಕ್ಕಿಯ ವಾಸನೆ ಬಂತು. ಬಟ್ಟಲನ್ನು ತುಟಿಯ ಹತ್ತಿರಕ್ಕೆ ಎತ್ತಿದರು. ಪಂಚಾಕ್ಷರಿಯ ಕೈ ಅರ್ಧಕ್ಕೆ ಎದ್ದು ನಿಂತಿತು.

ಗುರುಗಳು ಬಟ್ಟಲನ್ನು ಅಲ್ಲಿಯೇ ಹಿಡಿದುಕೊಂಡು ಅವನನ್ನು ನೋಡಿದರು.

“ಮಗನೇ, ನಾನು ನಿನ್ನ ಸಾಕಿದ್ದಾಯಿತು; ಈಗ ನೀನು ನನಗೆ ಸಾಕು ಅನ್ನು.”