ಕೈಕಟ್ಟಿನ ಬಂಡೆ

ಕೊಂಡಿಗೇರಿಯ ಮೇಲಿನ ಓಣಿಗೂ ಕೆಳಗಿನ ಓಣಿಗೂ ನಡುವೆ, ಯಾರ ಹೊಲಕ್ಕೂ ಸೇರದೆ ಬಿದ್ದಿರುವ ಅಗಲವಾದ ಕರಿಬಂಡೆಗೆ ಕೈಕಟ್ಟಿನ ಬಂಡೆ ಎಂದು ಹೆಸರು. ಅದರ ಮೇಲೆ ನಿಂತರೆ ಎರಡು ದೇವಾಲಯಗಳು ಕಾಣುತ್ತವೆ. ಎರಡರ ಮೇಲೂ ಒಂದೇ ಬಗೆಯ ಶಿಲುಬೆ, ಎರಡರೊಳಗೂ ಒಂದೇ ಬೈಬಲ್ಲು. ಹಿಂದಿನ ಪಾಳೆಯಗಾರನೊಬ್ಬ ಕಳ್ಳರನ್ನು ಇಲ್ಲಿ ಕೈಕಟ್ಟಿ ಕೂರಿಸುತ್ತಿದ್ದನೆಂದು ಬಸ್ ನಿಲ್ದಾಣದ ಫಲಕದಲ್ಲಿ ಬರೆಸಿದ್ದಾರೆ. ನಿಜ ಮುಚ್ಚಿಡಲು ನಮ್ಮ ಎರಡೂ ಓಣಿಯವರೇ ಸೇರಿ ಹಾಗೆ ಹೇಳಿಕೊಟ್ಟಿರಬೇಕೆಂಬ ಗುಮಾನಿ ನನಗಿದೆ. ಬೇರೆ ಯಾವುದಕ್ಕೂ ಒಂದಾಗದವರು ಇಂಥದ್ದಕ್ಕೆ ಬೇಗ ಒಂದಾಗುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಒಂದೇ ದೇವಾಲಯವಿತ್ತು ಎನ್ನುತ್ತಾರೆ. ನಮ್ಮ ಹಿರಿಯರು ಹಳೆಯ ಮತ ಬಿಟ್ಟು ಬಂದರೂ ಓಣಿ ಬಿಟ್ಟು ಬಂದಿರಲಿಲ್ಲ. ಮೇಲಿನವರು ನೇಕಾರರು, ಕೆಳಗಿನವರು ಚರ್ಮದ ಕೆಲಸದವರು. ವರ್ಷಕ್ಕೊಮ್ಮೆ ದೂರದಿಂದ ಪಾದ್ರಿಯೊಬ್ಬರು ಬಂದು, ಯೇಸುವಿನ ಕಡೆಯ ಊಟದ ನೆನಪಿಗೆ ಕರ್ತನ ಭೋಜನ ನಡೆಸುತ್ತಿದ್ದರು. ದ್ರಾಕ್ಷಾರಸದ ಬಟ್ಟಲು ಒಂದೇ. ಗಂಡಸರೆಲ್ಲ ಮೊದಲು, ಹೆಂಗಸರು ಆಮೇಲೆ, ಎಲ್ಲರ ತುಟಿಗೂ ಅದೇ. ಒಂದು ವರ್ಷ ಮೇಲಿನ ಓಣಿಯ ಹೆಂಗಸೊಬ್ಬಳು, ಕೆಳಗಿನವರ ತುಟಿ ತಾಗಿದ್ದ ಬಟ್ಟಲಿನ ಅಂಚನ್ನು ಸೆರಗಿನಿಂದ ಒರೆಸಿ ಕುಡಿದಳೆಂದು ಸುದ್ದಿ ಹಬ್ಬಿತು. ಎಲ್ಲರೂ ಬಿಳಿ ಸೀರೆಯುಟ್ಟು ಮುಸುಕು ಹಾಕಿದ್ದರಿಂದ ಆಕೆ ಯಾರೆಂದು ತಿಳಿಯಲಿಲ್ಲ. ಮೇಲಿನವರು ಸುದ್ದಿಯೇ ಸುಳ್ಳೆಂದರು. ಕೆಳಗಿನವರು ಸಿಕ್ಕಸಿಕ್ಕವರ ಸೆರಗನ್ನೆಲ್ಲ ಅನುಮಾನದಿಂದ ನೋಡತೊಡಗಿದರು. ಒಬ್ಬರು ದೇವಾಲಯಕ್ಕೆ ಬೀಗ ಜಡಿದರೆ ಇನ್ನೊಬ್ಬರು ಅದರ ಮೇಲೊಂದು ಜಡಿದರು. ಮರುವರ್ಷ ಬಂದ ಪಾದ್ರಿಗಳು ಈ ಬಂಡೆಯ ಮೇಲೆಯೇ ಭೋಜನವಿಟ್ಟು, ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯದಿದ್ದರೆ ಬಟ್ಟಲನ್ನು ಒಯ್ದುಬಿಡುತ್ತೇನೆ, ಮತ್ತೆ ಈ ಊರಿಗೆ ಕಾಲಿಡುವುದಿಲ್ಲ ಎಂದರಂತೆ.

ಯಾರೂ ಮುಂದೆ ಬರಲಿಲ್ಲ. ಆಗ ಎದ್ದವಳು ಕರುಣವ್ವ, ಮೇಲಿನ ಓಣಿಯ ಸಭಾಹಿರಿಯನ ತಾಯಿ. ಊರಿಗೆಲ್ಲ ಬೈಬಲ್ ಓದಿ ಬುದ್ಧಿ ಹೇಳುತ್ತಿದ್ದವಳು. ಅವಳ ಮೇಲೆ ಮಾತ್ರ ಯಾರ ಅನುಮಾನವೂ ಹೋಗಿರಲಿಲ್ಲ.

"ಒರಿಸಿದಾಕಿ ನಾನು. ಮತ್ತ ಯಾರನ್ನೂ ನೋಡಬ್ಯಾಡ್ರಿ," ಎಂದಳು. ಮಗ ಅವಮಾನದಿಂದ ಕುಗ್ಗಿಹೋದ. ಕೆಳಗಿನ ಓಣಿಯ ಹಿರಿಯ ಯೋನಪ್ಪ ಮಾತ್ರ ಕರಗಲಿಲ್ಲ. "ಇದರಾಗೂ ಏನೋ ಮಸಲತ್ತು ಐತಿ. ಈಗ ತಪ್ಪಾತು ಅಂತಾರ, ನಾವು ಮೆತ್ತಗಾದ ಮ್ಯಾಲ ಮತ್ತ ಒರಸ್ತಾರ," ಎಂದ. ಅಲ್ಲಿ ನಾನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ.

ಕರುಣವ್ವ ಕೆಳಗಿನ ಓಣಿಯ ಸಾಲಿನಲ್ಲಿ ಎಲ್ಲರಿಗಿಂತ ಕಡೆಗೆ ಹೋಗಿ ಕೂತಳು. ಅದನ್ನು ಕಂಡು ಕೆಳಗಿನವರು ಬಟ್ಟಲು ಮುಟ್ಟಿದರು. ಅಷ್ಟು ಜನರೂ ಕುಡಿದು ಬಟ್ಟಲು ತನ್ನ ಮುಂದೆ ಬಂದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಯೋನಪ್ಪ, ನನ್ನ ಕೈ ಮ್ಯಾಲ ನನಗೂ ನಂಬಿಕಿ ಇಲ್ಲ. ನೀನ ಕುಡಿಸು," ಎಂದಳು. ಯೋನಪ್ಪ ಅವಳ ಬೆನ್ನ ಹಿಂದೆ ಹೋಗಿ ಕೈಗಳನ್ನು ನೋಡಿ ಬಂದನಂತೆ. ಆಮೇಲೆ ಬಟ್ಟಲೆತ್ತಿ ಅವಳ ತುಟಿಗೆ ಹಿಡಿದ. ಅಲ್ಲಿ ಅಳದೇ ಇದ್ದವರಿಲ್ಲ ಎನ್ನುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಆದರೆ ಅವಳ ಹಿಂದೆ ಮೇಲಿನ ಓಣಿಯವರು ಒಬ್ಬೊಬ್ಬರಾಗಿ ಬಂದು ಕೈಕಟ್ಟಿ ಕೂತದ್ದು ನಿಜ. ಪಾದ್ರಿಗಳು ಬಟ್ಟಲನ್ನು ಊರಲ್ಲೇ ಬಿಟ್ಟುಹೋದರು. ಮುಂದೆ ಇನ್ಯಾವುದೋ ಹಟಕ್ಕೆ ದೇವಾಲಯಗಳು ಎರಡಾದವು, ಅದನ್ನು ತಪ್ಪಿಸಲು ಕರುಣವ್ವ ಬದುಕಿರಲಿಲ್ಲ. ಬಟ್ಟಲು ಮಾತ್ರ ಒಂದೇ ಉಳಿಯಿತು.

ಈಗಲೂ ಗುಡ್ ಫ್ರೈಡೆಯ ಹಿಂದಿನ ದಿನ, ಪವಿತ್ರ ಗುರುವಾರ, ಬಂದವರು ನೋಡಬಹುದು. ಎರಡೂ ದೇವಾಲಯಗಳ ಸಭೆಯವರು ಬಂಡೆಯ ಮೇಲೆ ಕೈ ಹಿಂದೆ ಕಟ್ಟಿ ಕೂರುತ್ತಾರೆ; ಈ ಓಣಿಯವರಿಗೆ ಆ ಓಣಿಯವರೇ ಕುಡಿಸಬೇಕು. ಹೊರಗಿನವರು ಫೋಟೋ ತೆಗೆದುಕೊಂಡು ನಗುತ್ತಾರೆ. ಹೋದ ವರ್ಷ ನನ್ನ ಮುಂದೆ ಬಟ್ಟಲು ಹಿಡಿದು ನಿಂತವನು ಕೆಳಗಿನ ಓಣಿಯ ಜೀವರತ್ನ. ಎರಡು ಸಭೆಗಳ ಜಗಳದಲ್ಲಿ ಮಾತು ಬಿಟ್ಟು ನಮಗೆ ಒಂಬತ್ತು ವರ್ಷ. ಬೇಕೆಂದೇ ನನ್ನ ಅಂಗಿಯ ಮೇಲೆ ಚೆಲ್ಲುತ್ತಾನೆಂದು ಅವನ ಕೈಯನ್ನೇ ನೋಡುತ್ತಿದ್ದೆ. ಕೈ ಸುಕ್ಕುಗಟ್ಟಿತ್ತು, ಅವನಿಗೂ ವಯಸ್ಸಾಗಿದೆ. ಎಡಗೈಯನ್ನು ನನ್ನ ಗದ್ದದ ಕೆಳಗೆ ಹಿಡಿದು, "ನಿಧಾನಕ್ಕ ಕುಡೀರಿ, ಅಣ್ಣಾರ," ಎಂದ. ನಾನು ಕಣ್ಣು ಮುಚ್ಚಿಕೊಂಡು ಕುಡಿದೆ.