ಮೇಡಂ ಲ್ಯಾಪ್‌ಟಾಪಿನ ಕಪ್ಪು ಪರದೆ

ಒಂದು ತಾಲೂಕು ಪಟ್ಟಣದಲ್ಲಿ ಚನ್ನವೀರಯ್ಯ ಎಂಬ ಕಂಪ್ಯೂಟರ್ ರಿಪೇರಿಯವರಿದ್ದರು. ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಅವರ ಅಂಗಡಿ. ಮೂಲೆ ಸೇರಬೇಕಾದ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಮತ್ತೆ ಓಡಿಸುವುದರಲ್ಲಿ ಅವರದು ಪಳಗಿದ ಕೈ. ಲಿನಕ್ಸ್ ಎಂದರೇನು ಎಂದು ಕೇಳುವವರಿಗೆ ಇಷ್ಟು ಸಾಕು: ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ, ಪುಕ್ಕಟೆಯಾಗಿ ಸಿಗುವ, ಸಣ್ಣಪುಟ್ಟ ಯಂತ್ರದಲ್ಲೂ ನಡೆಯುವ ವ್ಯವಸ್ಥೆ ಅದು.

ಅವರ ಬಳಿ ನಂದೀಶ ಎಂಬ ಶಿಷ್ಯ ಕೆಲಸ ಕಲಿಯುತ್ತಿದ್ದ. ಓದು ಮುಗಿಸಿದ ಚುರುಕು ಹುಡುಗ. ಚುರುಕು ಎಷ್ಟಿತ್ತೋ ಜಂಭವೂ ಅಷ್ಟೇ ಇತ್ತು. ಲಿನಕ್ಸ್ ಗೊತ್ತಿಲ್ಲದವರನ್ನು ಅವನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಒಂದು ಬುಧವಾರ ಸರ್ವಮಂಗಳಾ ಮೇಡಂ ಅಂಗಡಿಗೆ ಬಂದರು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕೈಯಲ್ಲೊಂದು ಅಗ್ಗದ ಲ್ಯಾಪ್‌ಟಾಪ್. ಪರದೆಯ ಮೇಲಿನ ಅಕ್ಷರಗಳನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಮೇಡಂ ಅದನ್ನು ಕೇಳಿಸಿಕೊಂಡೇ ಪಾಠ ಬರೆಯುತ್ತಿದ್ದರು, ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದರು. ತರಗತಿಯಲ್ಲಿ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಟಿಪ್ಪಣಿ ಕೇಳುತ್ತಾ ಪಾಠ ಮಾಡುತ್ತಿದ್ದರು.

"ನೋಡಪ್ಪ, ಈಗ ಇದು ತೀರಾ ನಿಧಾನ ಆಗಿದೆ. ನಾನು ಕೀ ಒತ್ತಿ, ಇದು ಬಾಯಿ ಬಿಡೋ ಹೊತ್ತಿಗೆ ಮಕ್ಕಳು ಆಕಳಿಸ್ತಿರ್ತಾರೆ. ಎರಡು ಸಲ ಪಾಠ ಅರ್ಧಕ್ಕೇ ನಿಂತೋಯ್ತು. ಸೋಮವಾರ ಹೆಡ್‌ಮಾಸ್ಟರು ಕ್ಲಾಸಿಗೆ ಬಂದು ಕೂರ್ತಾರಂತೆ. ಮತ್ತೆ ಹೀಗಾದ್ರೆ ಹತ್ತನೇ ಕ್ಲಾಸು ನನ್ನ ಕೈತಪ್ಪಿ ಹೋಗುತ್ತೆ" ಎಂದರು ಮೇಡಂ.

ಆ ಹೆಡ್‌ಮಾಸ್ಟರ ವಿಷಯವನ್ನೂ ಹೇಳಿಬಿಡುತ್ತೇನೆ. ತಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಪತ್ರ ತೆಗೆಯಬೇಕಾದರೂ ಗುಮಾಸ್ತರನ್ನು ಕೂಗುವ ಮಹಾನುಭಾವ. "ಕಣ್ಣು ಕಾಣದವರಿಗೆ ಹತ್ತನೇ ಕ್ಲಾಸ್ ಕೊಟ್ಟು ರಿಸಲ್ಟ್ ಯಾಕೆ ಹಾಳು ಮಾಡ್ಕೋಬೇಕು" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಹೇಳಿದ್ದರು. ಹಿಂದಿನ ವರ್ಷ ಮೇಡಂ ವಿಷಯದಲ್ಲಿ ಒಬ್ಬ ವಿದ್ಯಾರ್ಥಿಯೂ ಫೇಲಾಗಿರಲಿಲ್ಲ. ಅದು ಹೆಡ್‌ಮಾಸ್ಟರಿಗೆ ನೆನಪಾಗಲಿಲ್ಲ.

"ಚಿಂತೆ ಬಿಡಿ ಮೇಡಂ. ಲಿನಕ್ಸ್ ಹಾಕಿದ್ರೆ ನಿಮ್ಮ ಲ್ಯಾಪ್‌ಟಾಪು ಹಾರುತ್ತೆ" ಎಂದ ನಂದೀಶ.

"ಹಾರೋದು ಬೇಡಪ್ಪ. ಮಾತಾಡಿದ್ರೆ ಸಾಕು" ಎಂದು ಹೇಳಿ ಮೇಡಂ ಹೊರಟರು. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ನಂದೀಶ ಲ್ಯಾಪ್‌ಟಾಪ್ ತೆರೆದ. ಪರದೆ ಕಪ್ಪಗಿತ್ತು. ಬ್ಯಾಟರಿ ಹೆಚ್ಚು ಹೊತ್ತು ಬರಲಿ ಎಂದು ಮೇಡಂ ಯಾವಾಗಲೂ ಬೆಳಕನ್ನು ಪೂರ್ತಿ ಇಳಿಸಿಟ್ಟಿರುತ್ತಿದ್ದರು. ಅವರಿಗೆ ಅದರ ಅಗತ್ಯವೇ ಇರಲಿಲ್ಲವಲ್ಲ. ಇವನಿಗೆ ಅದು ಹೊಳೆಯಲೇ ಇಲ್ಲ. "ಪಾಪ, ಡಿಸ್‌ಪ್ಲೇ ಕೂಡ ಹಾಳಾಗಿದೆ" ಎಂದುಕೊಂಡು ಬೆಳಕನ್ನು ಪೂರ್ತಿ ಏರಿಸಿದ.

ಆಮೇಲೆ ಲಿನಕ್ಸ್ ಹಾಕಿದ. ಅಲ್ಲಿಗೆ ನಿಲ್ಲಿಸಿದನೇ? ಪರದೆಯ ಮೇಲೆ, ತೆರೆದರೆ ಅಲೆಯಂತೆ ಬಳುಕುವ ಕಿಟಕಿಗಳನ್ನು ಹಾಕಿದ. ಕೆಳಗೆ ಕುಣಿಯುವ ಚಿತ್ರಗಳನ್ನು ಸಾಲಾಗಿ ಕೂರಿಸಿದ. ಹಿಂದೆ ನೀರು ಧುಮುಕುವ ಜಲಪಾತ. ಎರಡು ದಿನ ಇದೇ ಕೆಲಸ. ನಡುವೆ ಸ್ಪೀಕರ್ ಸದ್ದು ಮಾಡುತ್ತಿಲ್ಲ ಎಂಬುದು ಅವನ ಗಮನಕ್ಕೆ ಬಂತು. "ಆಮೇಲೆ ನೋಡಿದ್ರಾಯ್ತು" ಎಂದು ಬಿಟ್ಟ. ಪರದೆಯ ಫೋಟೋ ತೆಗೆದು ತನ್ನ ಲಿನಕ್ಸ್ ಗೆಳೆಯರ ಗ್ರೂಪಿಗೆ ಹಾಕಿದ. ಹೆಬ್ಬೆರಳುಗಳು ಬಂದವು, ಚಪ್ಪಾಳೆಗಳು ಬಂದವು. ಸಂಜೆಯವರೆಗೆ ಅವುಗಳನ್ನು ನೋಡುತ್ತಾ ಕೂತ.

ಶನಿವಾರ ಸ್ಕೂಲು ಬಿಟ್ಟ ಮೇಲೆ ಮೇಡಂ ಆಟೋದಲ್ಲಿ ಬಂದರು. ನಂದೀಶ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿಟ್ಟ.

"ಹೆಂಗಿದೆ ನೋಡಿ ಮೇಡಂ! ಡಿಸ್‌ಪ್ಲೇ ಮಂಕಾಗಿತ್ತು, ಅದನ್ನೂ ಸರಿ ಮಾಡಿದೀನಿ."

ಮೇಡಂ ಕೀಬೋರ್ಡ್ ಮೇಲೆ ಬೆರಳಿಟ್ಟರು. ಒಂದು ಕೀ ಒತ್ತಿದರು. ಕಾದರು. ಇನ್ನೊಂದು ಒತ್ತಿದರು.

"ಮಾತಾಡ್ತಾನೇ ಇಲ್ವಲ್ಲಪ್ಪ?"

"ಅದೊಂದು ಸಣ್ಣ ಪ್ರಾಬ್ಲಂ ಮೇಡಂ. ಸೌಂಡ್ ಮಾತ್ರ ಬರ್ತಿಲ್ಲ. ಮಿಕ್ಕಿದ್ದೆಲ್ಲ ಸೂಪರ್."

ಓದುವವರೇ, ನನ್ನ ಮೈ ಉರಿಯುವುದು ಇಲ್ಲೇ. ಕಣ್ಣು ಕಾಣದವರ ಲ್ಯಾಪ್‌ಟಾಪಿಗೆ ಜಲಪಾತದ ಚಿತ್ರ ಹಾಕಿ, ದನಿ ಕಿತ್ತುಕೊಂಡು, ಅದನ್ನು ಸಣ್ಣ ಪ್ರಾಬ್ಲಂ ಎನ್ನುತ್ತಾನಲ್ಲ! ಎರಡು ದಿನ ಅವನು ದುಡಿದದ್ದು ಯಾರಿಗಾಗಿ? ಮೇಡಂಗಾಗಿ ಖಂಡಿತ ಅಲ್ಲ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು.

"ಇದು ಲಿನಕ್ಸ್ ತಪ್ಪಲ್ಲ ಮೇಡಂ. ಸೌಂಡ್ ಚಿಪ್ ಮಾಡೋ ಕಂಪನಿಯವರದು. ಕಡಿಮೆ ರೇಟಿನ ಲ್ಯಾಪ್‌ಟಾಪ್ ತಗೊಂಡ್ರೆ ಹಿಂಗೇ ಆಗೋದು. ನೀವು ಸ್ವಲ್ಪ ಒಳ್ಳೇದು ತಗೋಬೇಕಿತ್ತು."

ಮೇಡಂ ಮುಖ ಬಿಗಿಯಾಯಿತು. ಆದರೆ ದನಿ ಏರಿಸಲಿಲ್ಲ. ಬೆಳಕು ಇಳಿಸುವ ಕೀಯನ್ನು ಹುಡುಕಿ ಒತ್ತಿದರು, ಒತ್ತುತ್ತಲೇ ಇದ್ದರು. ಜಲಪಾತ ಮಂಕಾಗಿ, ಮಾಯವಾಗಿ, ಪರದೆ ಪೂರ್ತಿ ಕಪ್ಪಾಯಿತು. ಚೀಲದಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿದರು.

"ಸೋಮವಾರದ ಪಾಠ ಇದರಲ್ಲಿದೆ. ತೆಗಿ."

ನಂದೀಶ ನಕ್ಕ. "ಏನೂ ಕಾಣಿಸ್ತಿಲ್ಲ ಮೇಡಂ."

"ಕಾಣಿಸೋದು ಬೇಡ. ಕೇಳಿಸ್ಕೊಂಡು ತೆಗಿ."

"ಕೇಳಿಸೋದೂ ಇಲ್ವಲ್ಲ ಮೇಡಂ..."

ತಾನು ಆಡಿದ ಮಾತು ಅವನ ಕಿವಿಗೇ ಬಿದ್ದಿತ್ತು.

"ಈಗ ಹೇಳು, ಸಣ್ಣ ಪ್ರಾಬ್ಲಮ್ಮಾ ಇದು? ನನಗೆ ಪರದೆ ಅಂದ್ರೆ ಆ ಸೌಂಡೇ ಕಣಪ್ಪ. ನೀನು ನನ್ನ ಪರದೆ ಒಡೆದು, ನಿನ್ನ ಪರದೆ ತೊಳೆದು ಇಟ್ಟಿದೀಯ" ಎಂದರು ಮೇಡಂ.

ಒಳಗೆ ಬೆಸುಗೆ ಹಾಕುತ್ತಿದ್ದ ಚನ್ನವೀರಯ್ಯ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಎದ್ದು ಬಂದರು.

"ಸೌಂಡ್ ಯಾಕೆ ಬರ್ತಿಲ್ಲ ಅಂತ ಹುಡುಕಿದ್ಯೇನೋ?"

"ಟೈಮ್ ಸಿಗಲಿಲ್ಲ ಸಾರ್."

"ಕಿಟಕಿ ಬಳುಕಿಸೋಕೆ ಸಿಕ್ತು?" ಚನ್ನವೀರಯ್ಯ ಮೇಡಂ ಕಡೆ ತಿರುಗಿದರು. "ಮೇಡಂ, ನೋಡದೆ ಬಿಟ್ಟಿದ್ದು ನನ್ನ ತಪ್ಪೂ ಹೌದು. ನಂದೀಶ, ಇವತ್ತೇ ಇದನ್ನ ಮಾತಾಡಿಸು. ಆಗಲ್ಲ ಅಂದ್ರೆ ಸೋಮವಾರದಿಂದ ನಿನ್ನ ಗ್ರೂಪಲ್ಲೇ ಕೂತ್ಕೋ, ಈ ಮೆಟ್ಟಿಲು ಹತ್ತಬೇಡ."

ನಂದೀಶ ಬೆವರು ಒರೆಸಿಕೊಂಡು ಕೂತ. ಸೌಂಡ್ ಚಿಪ್‌ನ ಹೆಸರು ತೆಗೆದು ಇಂಟರ್ನೆಟ್ಟಿನಲ್ಲಿ ಹುಡುಕಿದ. ಅದೇ ಚಿಪ್ ಇದ್ದವರು ಯಾರೋ ಎಲ್ಲೋ ಇದೇ ಗೋಳು ತೋಡಿಕೊಂಡಿದ್ದರು. ಇನ್ನಾರೋ ಪುಣ್ಯಾತ್ಮರು ಉತ್ತರ ಬರೆದಿದ್ದರು. ಆ ಚಿಪ್ಪಿಗೆ ಬೇಕಾದ ಒಂದು ಪುಟ್ಟ ಫೈಲು ಇವನು ಹಾಕಿದ್ದ ಲಿನಕ್ಸ್‌ನಲ್ಲಿ ಇರಲಿಲ್ಲ, ಅಷ್ಟೇ. ಅದನ್ನು ಹಾಕಿ ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದ. ಸ್ಪೀಕರ್ ಗೊರ್ ಎಂದಿತು, ಆಮೇಲೆ ಮಾತಾಡಿತು. ಮೇಡಂಗೆ ತರಿಸಿದ್ದ ಕಾಫಿ ಇನ್ನೂ ಆರಿರಲಿಲ್ಲ. ಇಷ್ಟು ಕೆಲಸಕ್ಕೆ ಅವನಿಗೆ ಟೈಮ್ ಸಿಕ್ಕಿರಲಿಲ್ಲವಂತೆ!

ಆದರೆ ದನಿ ತಡವರಿಸುತ್ತಿತ್ತು. ಬಳುಕುವುದು, ಕುಣಿಯುವುದು, ಧುಮುಕುವುದು ಎಲ್ಲ ಸೇರಿ ಆ ಬಡ ಯಂತ್ರದ ಶಕ್ತಿಯನ್ನೆಲ್ಲ ತಿಂದುಹಾಕುತ್ತಿದ್ದವು. ನಂದೀಶ ಒಂದೊಂದಾಗಿ ಕಿತ್ತ. ಜಲಪಾತ ಹೋಯಿತು. ಸಾದಾ ಪರದೆ, ಹಗುರಾದ ಕಿಟಕಿಗಳು ಬಂದವು. ಆನ್ ಮಾಡಿದ ಕೂಡಲೇ ಓದುವ ದನಿ ತಾನಾಗಿಯೇ ಶುರುವಾಗುವಂತೆ ಮಾಡಿದ. ಈಗ ಕೀ ಒತ್ತಿದ ತಕ್ಷಣ ಉತ್ತರ ಬಂತು.

ಮೇಡಂ ದನಿಯ ವೇಗ ಹೆಚ್ಚಿಸಿದರು, ಇನ್ನೂ ಹೆಚ್ಚಿಸಿದರು. ನಂದೀಶನಿಗೆ ಒಂದಕ್ಷರವೂ ತಿಳಿಯದಾಯಿತು.

"ಇದು ನಿಮಗೆ ಅರ್ಥ ಆಗುತ್ತಾ ಮೇಡಂ?"

"ನೀನು ಕಣ್ಣಲ್ಲಿ ಓದೋವಷ್ಟೇ ಬೇಗ ನಾನು ಕಿವೀಲಿ ಓದ್ತೀನಿ."

"ಸೋಮವಾರ ನೀನೂ ಮೇಡಂ ಜೊತೆ ಹೋಗು. ಯಾವ ಕೆಲಸಕ್ಕೆ ಇದು ಬೇಕಿತ್ತು ಅಂತ ನೋಡ್ಕೊಂಡು ಬಾ" ಎಂದರು ಚನ್ನವೀರಯ್ಯ.

ಸೋಮವಾರ ಪಾಠ ಭಾರತದ ಮಣ್ಣುಗಳು. ಮೇಡಂ ಕಪ್ಪು ಮಣ್ಣು, ಕೆಂಪು ಮಣ್ಣನ್ನು ಪೊಟ್ಟಣ ಕಟ್ಟಿಕೊಂಡು ಬಂದಿದ್ದರು. ಮಕ್ಕಳು ಅದನ್ನು ಕೈಯಲ್ಲಿ ತಿಕ್ಕಿ ನೋಡುತ್ತಿದ್ದರು. ಮೇಡಂ ಒಂದು ಕಿವಿಯಲ್ಲಿ ಟಿಪ್ಪಣಿ ಕೇಳುತ್ತಾ ಎಲ್ಲೂ ತಡೆಯದೆ ಹೇಳುತ್ತಾ ಹೋದರು. ನಂದೀಶ ಕೊನೆಯ ಬೆಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿದ್ದ ಹೆಡ್‌ಮಾಸ್ಟರಿಗೆ ತಪ್ಪು ಸಿಗದೆ ಚಡಪಡಿಕೆ. ಎದ್ದು ಮೇಜಿನ ಬಳಿ ಹೋದರು. ಲ್ಯಾಪ್‌ಟಾಪ್ ಬಗ್ಗಿ ನೋಡಿದರು. ಮುಖ ಅರಳಿತು.

"ಏನ್ ಮೇಡಂ ಇದು? ಲ್ಯಾಪ್‌ಟಾಪ್ ಆಫ್ ಆಗಿದೆ! ಬಾಯಿಗೆ ಬಂದಿದ್ದು ಹೇಳ್ತಿದೀರಾ ಮಕ್ಕಳಿಗೆ?"

ಮೇಡಂ ಬಾಯಿ ತೆರೆಯುವ ಮೊದಲೇ ಕೊನೆಯ ಬೆಂಚಿನಲ್ಲಿ ನಂದೀಶ ಎದ್ದು ನಿಂತಿದ್ದ. ಕಿವಿ ಕೆಂಪಾಗಿತ್ತು.

"ಆನ್ ಆಗಿದೆ ಸಾರ್. ಅದು ಹಂಗೇ ಇರಬೇಕು. ನಾನೂ ನಿಮ್ ಥರಾನೇ ತಿಳ್ಕೊಂಡಿದ್ದೆ."

ಮೇಡಂ ಇಯರ್‌ಫೋನ್ ವೈರು ಎಳೆದರು. ಕಪ್ಪು ಪರದೆಯಿಂದ ಕಪ್ಪು ಮಣ್ಣಿನ ಪಾಠ ಗಟ್ಟಿಯಾಗಿ ಇಡೀ ಕೋಣೆಗೆ ಕೇಳಿಸಿತು. ಹೆಡ್‌ಮಾಸ್ಟರು ಕ್ಷಮೆ ಕೇಳಲಿಲ್ಲ. ಅಂಥವರು ಕೇಳುವುದೂ ಇಲ್ಲ. ಬಂದ ದಾರಿಯಲ್ಲೇ ಹೊರಟುಹೋದರು. ಹತ್ತನೇ ತರಗತಿಯನ್ನು ಬೇರೆಯವರಿಗೆ ಕೊಡುವ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಮೇಡಂ ವೈರನ್ನು ಮತ್ತೆ ಸಿಕ್ಕಿಸಿದರು. "ಎಲ್ಲಿದ್ವಿ ಮಕ್ಕಳೇ? ಹತ್ತಿ ಬೆಳೆಯೋ ಮಣ್ಣು."

ನೀತಿ: ಯಾರಿಗಾಗಿ ಕೆಲಸ ಮಾಡುತ್ತೀರೋ ಅವರ ಮಾತನ್ನು ಮೊದಲು ಕಿವಿಗೊಟ್ಟು ಕೇಳಿ. ಅವರ ಬದುಕು ಯಾವುದರ ಮೇಲೆ ನಿಂತಿದೆಯೋ ಅದನ್ನೇ ಸಣ್ಣ ವಿಷಯ ಎಂದು ತಳ್ಳಿಹಾಕುವ ಹಕ್ಕು ಎಂಥ ಜಾಣನಿಗೂ ಇಲ್ಲ. ಅವರಿಗೆ ಒದಗದ ವಿದ್ಯೆ ಬರಿಯ ಪ್ರದರ್ಶನ.