ಒಣಕಣ್ಣಿನ ನೀರು

"ಗುರುಗಳೇ, ಒಳ್ಳೆಯ ಮಾತು ಹೇಳುವವನು ತಾನೂ ಹಾಗೇ ನಡೆಯಲೇಬೇಕೇ? ಕೇಳಿದವರಿಗೆ ಒಳ್ಳೆಯದಾದರೆ ಸಾಲದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಹರಿಕತೆಯ ದಾಸನಿದ್ದ. ನಾಲಿಗೆಯ ಚಪಲವನ್ನು ಗೆಲ್ಲಬೇಕೆಂದು ಊರೂರಿಗೆ ಹೋಗಿ ಹೇಳುತ್ತಿದ್ದ. ಮಾತಿಗೇನು ಬರವೇ! ಹೇಳುತ್ತ ಹೇಳುತ್ತ ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಎಂಥ ಭಕ್ತಿ ಎಂದು ಜನ ಕೈಮುಗಿಯುತ್ತಿದ್ದರು. ಕತೆ ಮುಗಿದ ಮೇಲೆ ಕೂರಿಸಿ ಹೋಳಿಗೆ ಬಡಿಸುತ್ತಿದ್ದರು. ದಾಸನಿಗೆ ಸಕ್ಕರೆ ಕಾಯಿಲೆಯಿತ್ತು. ಮಾತ್ರೆ ನೆನಪಾದರೆ ಉಂಟು, ಇಲ್ಲವಾದರೆ ಇಲ್ಲ. ಹೋಳಿಗೆಯನ್ನು ಮಾತ್ರ ಒಂದು ದಿನವೂ ಬೇಡವೆಂದವನಲ್ಲ. ಪ್ರೀತಿಯಿಂದ ಬಡಿಸಿದ್ದನ್ನು ಬಿಡಬಾರದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಬರಬರುತ್ತ ಮರಳು ಬಿದ್ದಂತೆ ಕಣ್ಣುರಿ ಹೆಚ್ಚಿತು. ವೈದ್ಯರಲ್ಲಿಗೆ ಹೋದ. ಅವರು ಕಣ್ಣು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು.

"ದಾಸರೇ, ನಿಮ್ಮ ಕಣ್ಣು ಒಣಗಿದೆ."

"ಒಣಗುವುದೆಲ್ಲಿ ಬಂತು ಸ್ವಾಮಿ? ದಿನವೂ ನೀರು ಸುರಿಯುತ್ತದಲ್ಲ!"

"ಒಣಗಿ ಉರಿಯುವುದರಿಂದಲೇ ಆ ನೀರು. ರಕ್ತದಲ್ಲಿ ಸಕ್ಕರೆ ಏರಿ ವರ್ಷಗಟ್ಟಲೆ ಹಾಗೇ ಇದ್ದರೆ, ಕಣ್ಣನ್ನು ತೇವವಾಗಿಡುವ ನರಗಳು ಸೋಲುತ್ತವೆ. ಹನಿ ಮದ್ದು ಉರಿಯನ್ನು ತಣಿಸುತ್ತದೆ, ಅಷ್ಟೇ. ಸಕ್ಕರೆ ಹಿಡಿತಕ್ಕೆ ಬರದಿದ್ದರೆ ದೃಷ್ಟಿಗೇ ಕುತ್ತು."

ದಾಸನಿಗೆ ಭಯಕ್ಕಿಂತ ನಾಚಿಕೆ ಹೆಚ್ಚಾಯಿತು. ಅಯ್ಯೋ, ಇಷ್ಟು ವರ್ಷ ಜನ ಕೈಮುಗಿದದ್ದು ತಾನು ತಿಂದ ಹೋಳಿಗೆಗೆ! ಇನ್ನು ಅದನ್ನು ಮುಟ್ಟುವುದಿಲ್ಲ, ಇವತ್ತಿನ ಕತೆಯಲ್ಲಿ ಎಲ್ಲರೆದುರು ನಿಜ ಹೇಳಿಬಿಡುತ್ತೇನೆ ಎಂದುಕೊಂಡ.

ಅಂದಿನ ಕತೆ ಮುಗಿಯಿತು. ನಿಜ ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಹೆಂಗಸೊಬ್ಬಳು ತಟ್ಟೆ ಹಿಡಿದು ಬಂದಳು.

"ದಾಸರೇ, ಹೋದ ಸಲ ನಿಮ್ಮ ಕಣ್ಣೀರು ನೋಡಿದ ನಮ್ಮ ಯಜಮಾನರು ಅವತ್ತಿನಿಂದ ಹೆಂಡ ಮುಟ್ಟಿಲ್ಲ. ಬೇಡ ಅನ್ನಬೇಡಿ, ಒಂದು ಹೋಳಿಗೆ ತಗೊಳ್ಳಿ."

ದಾಸ ಬಾಯಿ ತೆರೆದ. ಆಕೆಯ ಮುಖ ನೋಡಿದ. ತೆರೆದ ಬಾಯಿಗೆ ಹೋಳಿಗೆ ಇಟ್ಟುಕೊಂಡ. ಒಬ್ಬ ಕುಡುಕನಿಂದ ಆದದ್ದು ತನ್ನಿಂದ ಆಗಲಿಲ್ಲವಲ್ಲ ಎಂದು ಅವನ ತಲೆ ತಗ್ಗಿತು. ಅದನ್ನೂ ಆಕೆ ವಿನಯವೆಂದೇ ತಿಳಿದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲಾದರೂ ಆ ದಾಸ ಯಾರಿಗಾದರೂ ನಿಜ ಹೇಳಿದನೇ?" ಎಂದ.

ಗುರುಗಳು ಅವನ ಮುಖ ನೋಡಲಿಲ್ಲ.

"ಈಗ ನಿನಗೆ ಹೇಳಿದೆನಲ್ಲಪ್ಪ."